ಬಿಲ್ಡ್ ಆಗುವಷ್ಟರಲ್ಲಿ ಒಂದು ಸಿಗರೇಟು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತಿದೆ. ದಾವಣಗೆರೆಯ ತಾಯಿಯೊಬ್ಬರು ಬರೆಯುತ್ತಾರೆ: ‘ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಓದುವಾಗ ಟೀ ಕೂಡ ಕುಡಿಯುತ್ತಿರಲಿಲ್ಲ. ಈಗ ಸಿಗರೇಟಿಲ್ಲದೆ ತಲೆ ಓಡಲ್ಲಮ್ಮ ಅಂತಾನೆ. ಅದು ನಿಜವಾ?’ ಇನ್ನೊಬ್ಬ ತರುಣ ಕೇಳುತ್ತಾನೆ: ‘ಸರ್, ಸಿಗರೇಟು ಬಿಟ್ಟು ವೇಪ್ ಹಿಡಿದಿದ್ದೇನೆ. ಹೊಗೆ ಇಲ್ಲ, ವಾಸನೆ ಇಲ್ಲ. ಸರಿಯಾದ ದಾರಿ ತಾನೇ?’ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ಪತ್ರದಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚು: ವರ್ಕ್ ಫ್ರಮ್ ಹೋಮ್ ಇರುವ ದಿನ ಗಂಡ ಅರ್ಧ ಹೊತ್ತು ಬಾಲ್ಕನಿಯಲ್ಲೇ ಇರುತ್ತಾನಂತೆ. ಕೇಳಿದರೆ ‘ಸರ್ವರ್ ಡೌನ್ ಆಗಿದೆ, ಟೆನ್ಷನ್’ ಎನ್ನುತ್ತಾನಂತೆ.

ಬರವಣಿಗೆಗೆ ಬರುವ ಮುಂಚೆ ನಾನು ಹಲವು ವರ್ಷ ಇದೇ ಕೆಲಸದಲ್ಲಿದ್ದವನು. ಸಿಗರೇಟು ಸೇದುವ ಅಭ್ಯಾಸ ಇರಲಿಲ್ಲ. ಆದರೂ ಸೇದುವವರ ಜೊತೆ ಗೇಟಿನಾಚೆ ನಿಂತು ಬೈಟು ಟೀ ಕುಡಿಯದ ದಿನ ಕಡಿಮೆ. ಹಾಗೆ ನಿಂತು ಕಂಡದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಆ ತಾಯಿಗೆ ಕೊಡಬಹುದಾದ ಉತ್ತರ ಇಷ್ಟು: ಹೊರಗೆ ಹೋಗಿ ಬಂದ ಮೇಲೆ ನಿಮ್ಮ ಮಗನ ತಲೆ ಓಡುವುದು ನಿಜ. ಆದರೆ ಅದನ್ನು ಓಡಿಸುತ್ತಿರುವುದು ಸಿಗರೇಟಲ್ಲ. ಯಾವುದು ಎಂದು ಹೇಳಬೇಕಾದರೆ ಆ ಕೆಲಸದೊಳಗಿನ ಕಿರಿಕಿರಿಯಿಂದಲೇ ಶುರು ಮಾಡಬೇಕು.

ಹೊರಗಿನವರಿಗೆ ಸಾಫ್ಟ್‌ವೇರ್ ಕೆಲಸ ಎಂದರೆ ಏಸಿ ರೂಮು, ತಿರುಗುವ ಕುರ್ಚಿ, ಒಳ್ಳೆ ಸಂಬಳ. ಕಷ್ಟ ಎಂದರೆ ಡೆಡ್‌ಲೈನು, ರಾತ್ರಿ ಕಾಲ್‌ಗಳು ಎಂದಷ್ಟೇ ಕಾಣುತ್ತದೆ. ನಿಜವಾಗಿ ಪ್ರೋಗ್ರಾಮರ್‌ನ ಜೀವ ತಿನ್ನುವುದು ಸಣ್ಣಪುಟ್ಟ ತಡೆಗಳು. ಬೆಳಿಗ್ಗೆ ಬಂದು ಕೂತರೆ ವಿಪಿಎನ್ ಕನೆಕ್ಟ್ ಆಗುವುದಿಲ್ಲ. ಆದ ಮೇಲೆ ಪಾಸ್‌ವರ್ಡ್ ಅವಧಿ ಮುಗಿದಿದೆ ಎನ್ನುತ್ತದೆ. ಬೇಕಾದ ಡೇಟಾಬೇಸ್ ನೋಡಲು ಪರ್ಮಿಷನ್ ಕೇಳಿ ಟಿಕೆಟ್ ಹಾಕಿ ಮೂರು ದಿನವಾಗಿರುತ್ತದೆ, ಅಪ್ರೂವ್ ಮಾಡಬೇಕಾದವರು ರಜೆಯಲ್ಲಿರುತ್ತಾರೆ. ಇದೆಲ್ಲ ದಾಟಿ ನಾಲ್ಕು ಸಾಲು ಕೋಡ್ ಬರೆದರೆ, ಅದು ಸರಿಯಿದೆಯೇ ಎಂದು ತಿಳಿಯಲು ‘ಬಿಲ್ಡ್’ ಓಡಿಸಬೇಕು. ಬರೆದ ಕೋಡನ್ನೆಲ್ಲ ಒಟ್ಟಿಗೆ ಜೋಡಿಸಿ, ಪರೀಕ್ಷೆಗಳನ್ನು ನಡೆಸಿ, ಓಡಬಲ್ಲ ರೂಪಕ್ಕೆ ತರುವ ಕೆಲಸ ಅದು. ಅದಕ್ಕೆ ಕೆಲವು ಕಡೆ ಎರಡು ನಿಮಿಷ ಸಾಕು, ಕೆಲವು ಕಡೆ ಅರ್ಧ ಗಂಟೆ ಬೇಕು. ಕಾದು ಕೂತ ಮೇಲೆ ಪರದೆಯಲ್ಲಿ ಕೆಂಪು ಬಣ್ಣ ಬರುತ್ತದೆ. ತಪ್ಪು ಎಲ್ಲಿ ಎಂದು ಹುಡುಕಿದರೆ ನಾವು ಮುಟ್ಟದೇ ಇರುವ ಯಾವುದೋ ಪರೀಕ್ಷೆ ಫೇಲ್ ಆಗಿದೆ. ಇನ್ನೊಮ್ಮೆ ಓಡಿಸಿದರೆ ಅದೇ ಪರೀಕ್ಷೆ ಪಾಸ್! ಇಂಥವಕ್ಕೆ ‘ಫ್ಲೇಕಿ ಟೆಸ್ಟ್’ ಎನ್ನುತ್ತಾರೆ. ಒಂದೇ ಕೋಡಿಗೆ ಒಮ್ಮೆ ಹೌದು, ಒಮ್ಮೆ ಅಲ್ಲ ಎನ್ನುವ ಪರೀಕ್ಷೆ. ಮನುಷ್ಯನ ತಾಳ್ಮೆಯನ್ನು ಇದರಷ್ಟು ಸವೆಸುವ ಇನ್ನೊಂದನ್ನು ನಾನು ಆ ಕೆಲಸದಲ್ಲಿ ಕಾಣಲಿಲ್ಲ.

ತಪ್ಪು ಬೇರೆಯವರದು, ಉತ್ತರ ಕೊಡಬೇಕಾದವರು ನಾವು ಎನ್ನುವುದು ಇನ್ನೊಂದು ಬಗೆಯ ಹಿಂಸೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದೇ ಸಾಲಿನ ಪುಟ್ಟ ಪ್ರೋಗ್ರಾಮನ್ನು ಅದನ್ನು ಬರೆದವರು ಸಾರ್ವಜನಿಕ ಭಂಡಾರದಿಂದ ತೆಗೆದುಹಾಕಿದರು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದರ ಹೆಸರೇ ಕೇಳದವರ ಬಿಲ್ಡ್‌ಗಳು ಜಗತ್ತಿನ ಎಲ್ಲೆಡೆ ಒಂದರ ಹಿಂದೊಂದು ಕೆಂಪಾದವು. ಅವರು ಬಳಸುತ್ತಿದ್ದ ಯಾವುದೋ ತುಣುಕು ಇನ್ನಾವುದೋ ತುಣುಕನ್ನು ಬಳಸುತ್ತಿತ್ತು, ಅದು ಲೆಫ್ಟ್‌ಪ್ಯಾಡನ್ನು ನೆಚ್ಚಿಕೊಂಡಿತ್ತು. 2024ರ ಜುಲೈ 19ರ ಶುಕ್ರವಾರ ಇನ್ನೂ ದೊಡ್ಡ ಅನಾಹುತವಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿ ಒಂದೂವರೆ ಗಂಟೆಯೊಳಗೆ ಅಪ್‌ಡೇಟನ್ನು ಹಿಂತೆಗೆದುಕೊಂಡರೂ ಕೆಟ್ಟು ನಿಂತಿದ್ದ ಯಂತ್ರಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಕೈಯಿಂದಲೇ ಸರಿಮಾಡಬೇಕಿತ್ತು. ಆ ವಾರಾಂತ್ಯ ಎಷ್ಟು ಐಟಿ ಸಿಬ್ಬಂದಿ ನಿದ್ದೆಗೆಟ್ಟರು ಎನ್ನುವುದನ್ನು ಆ ಕೆಲಸ ಮಾಡಿದವರು ಊಹಿಸಬಲ್ಲರು. ಅವರಲ್ಲಿ ಯಾರೂ ಆ ತಪ್ಪು ಮಾಡಿದವರಲ್ಲ.

ಈಗ ಸಿಗರೇಟಿನ ವಿಚಾರ. ಒಂದು ಸಿಗರೇಟು ಸೇದಿ ಮುಗಿಸಲು ಐದಾರು ನಿಮಿಷ ಬೇಕು. ಸಾಧಾರಣ ಬಿಲ್ಡ್ ಒಂದಕ್ಕೂ ಹೆಚ್ಚುಕಡಿಮೆ ಅಷ್ಟೇ. ಆ ಐದಾರು ನಿಮಿಷ ವಿಚಿತ್ರವಾದ ಹೊತ್ತು. ಬೇರೊಂದು ಕೆಲಸ ಹಿಡಿಯಲು ಸಾಲುವುದಿಲ್ಲ, ಸುಮ್ಮನೆ ಪರದೆ ನೋಡುತ್ತ ಕೂರಲು ಆಗುವುದಿಲ್ಲ. ಕೈ ಜೇಬಿಗೆ ಹೋಗುತ್ತದೆ. ದಿನಕ್ಕೆ ಹತ್ತು ಸಲ ಬಿಲ್ಡ್ ಓಡಿಸುವವನಿಗೆ ದಿನಕ್ಕೆ ಹತ್ತು ಸಲ ಈ ಆಹ್ವಾನ. ಕೆಲವೇ ತಿಂಗಳಲ್ಲಿ ಕೆಂಪು ಬಣ್ಣ ಕಂಡರೆ ಸಿಗರೇಟಿನ ನೆನಪಾಗುವಷ್ಟು ಎರಡೂ ಬೆಸೆದುಕೊಳ್ಳುತ್ತವೆ. ಚಟ ಬಿಡಿಸುವ ವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ನಿಕೋಟಿನ್ ದೇಹವನ್ನು ಬಿಟ್ಟುಹೋದ ಎಷ್ಟೋ ತಿಂಗಳ ಮೇಲೂ ಇಂಥ ಸನ್ನೆಗಳು ಆಸೆಯನ್ನು ಎಬ್ಬಿಸುತ್ತವೆ. ನಮ್ಮ ತಂಡದಲ್ಲಿ ಒಬ್ಬ ಹುಡುಗಿ ಹಟ ಹಿಡಿದು ಬಿಲ್ಡ್ ಹೊತ್ತನ್ನು ಕಾಲುಭಾಗಕ್ಕೆ ಇಳಿಸಿದಾಗ ಎಲ್ಲರಿಗಿಂತ ಮೊದಲು ಅವಳಿಗೆ ಥ್ಯಾಂಕ್ಸ್ ಹೇಳಿದವನು ತಂಡದ ಅತಿ ದೊಡ್ಡ ಧೂಮಪಾನಿ. ‘ಮೆಟ್ಟಿಲಿಳಿದು ಹೋಗೋಷ್ಟರಲ್ಲಿ ಮುಗಿದೇ ಹೋಗಿರುತ್ತೆ, ಹೋಗೋ ಮನಸ್ಸೇ ಬರಲ್ಲ’ ಎಂದಿದ್ದ. ಒಬ್ಬನ ಮಾತಿನಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಕಾಯುವ ಹೊತ್ತಿಗೂ ಸಿಗರೇಟಿಗೂ ಇರುವ ನಂಟು ನನಗೆ ಅವತ್ತು ಸ್ಪಷ್ಟವಾಯಿತು.

ಗೇಟಿನಾಚೆ ಏನು ನಡೆಯುತ್ತದೆ? ಎಲೆಕ್ಟ್ರಾನಿಕ್ ಸಿಟಿಯಾಗಲಿ, ಮಾನ್ಯತಾ ಟೆಕ್ ಪಾರ್ಕ್ ಆಗಲಿ, ವೈಟ್‌ಫೀಲ್ಡ್ ಆಗಲಿ ಚಿತ್ರ ಒಂದೇ. 2008ರ ಅಕ್ಟೋಬರ್ 2ರಿಂದ ಕಚೇರಿಯೂ ಸೇರಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ದೇಶದಾದ್ಯಂತ ಬಿಗಿಯಾಗಿ ಜಾರಿಗೆ ಬಂತು. ಸೇದುವವರು ರಸ್ತೆಗೆ ಬಂದರು, ಅವರ ಹಿಂದೆಯೇ ಟೀ ಅಂಗಡಿ, ಪೆಟ್ಟಿಗೆ ಅಂಗಡಿಗಳೂ ಬಂದವು. ದಾರಕ್ಕೆ ಕಟ್ಟಿದ ಲೈಟರ್, ಗಾಜಿನ ಲೋಟದಲ್ಲಿ ಶುಂಠಿ ಟೀ, ಡಬ್ಬಿಯಲ್ಲಿ ಬನ್ನು, ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡ ನಾಲ್ಕೈದು ಜನರ ಗುಂಪು. ಅಲ್ಲಿ ಕೇಳಿಸುವ ಮಾತು ಹೀಗಿರುತ್ತದೆ:

‘ಮಗಾ, ಆ ಪೇಮೆಂಟ್ ಯಾಕೋ ಎರಡೆರಡು ಸಲ ಹೋಗ್ತಿದೆ ಕಣೋ. ಬೆಳಿಗ್ಗೆಯಿಂದ ಲಾಗ್ ನೋಡಿ ಸಾಕಾಯ್ತು.’

‘ಟೈಮ್‌ಔಟ್ ಆದ್ಮೇಲೆ ರಿಟ್ರೈ ಮಾಡೋದು ಯಾರು? ಆಪ್ಪಾ, ಗೇಟ್‌ವೇನಾ?’

‘ಆಪ್ ಮಾಡುತ್ತೆ... ಇರು, ಇರು. ಗೇಟ್‌ವೇನೂ ಮಾಡುತ್ತೆ!’

ಅಷ್ಟೇ. ಒಂದೇ ಪೇಮೆಂಟನ್ನು ಎರಡೂ ಕಡೆಯಿಂದ ಮತ್ತೆ ಕಳಿಸಲಾಗುತ್ತಿತ್ತು. ಮೂರು ಗಂಟೆ ಕಾಡಿದ ಗಂಟು ಬಿಚ್ಚಿತು. ಅರ್ಧ ಟೀ ಅಲ್ಲೇ ಬಿಟ್ಟು ಅವನು ಒಳಗೆ ಓಡುತ್ತಾನೆ. ಈ ಘಳಿಗೆಯ ಪೂರ್ತಿ ಶ್ರೇಯಸ್ಸು ಅವನ ಬೆರಳ ನಡುವೆ ಉರಿಯುತ್ತಿದ್ದ ಸಿಗರೇಟಿಗೆ ಹೋಗುತ್ತದೆ. ನಿಜವಾಗಿ ಅಲ್ಲಿ ಕೆಲಸ ಮಾಡಿದ್ದು ಬೇರೆ ಬೇರೆ ಸಂಗತಿಗಳು. ಅವನು ಕುರ್ಚಿಯಿಂದ ಎದ್ದ. ಮೆಟ್ಟಿಲಿಳಿದು ನಡೆದ. ಕಣ್ಣು ಪರದೆಯಿಂದ ಬಿಡುಗಡೆಯಾಗಿ ದೂರ ನೋಡಿತು. ಉಸಿರನ್ನು ನಿಧಾನವಾಗಿ, ಆಳವಾಗಿ ಎಳೆದು ಬಿಟ್ಟ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಸಮಸ್ಯೆಯನ್ನು ಇನ್ನೊಬ್ಬನಿಗೆ ಮಾತಿನಲ್ಲಿ ಹೇಳಿದ. ಸಮಸ್ಯೆಯನ್ನು ಬಾಯಿಬಿಟ್ಟು ವಿವರಿಸುವಾಗಲೇ ಉತ್ತರ ಹೊಳೆಯುತ್ತದೆ ಎಂಬುದು ಪ್ರೋಗ್ರಾಮರ್‌ಗಳಿಗೆ ಹೊಸ ವಿಷಯವಲ್ಲ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಬರೆದ ‘ದ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಿಂದ ಅದಕ್ಕೊಂದು ಹೆಸರೂ ಬಂದಿದೆ: ರಬ್ಬರ್ ಬಾತುಕೋಳಿ ವಿಧಾನ. ಮೇಜಿನ ಮೇಲೊಂದು ಆಟಿಕೆ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ನಿಮ್ಮ ಕೋಡನ್ನು ಸಾಲುಸಾಲಾಗಿ ವಿವರಿಸಿ, ತಪ್ಪು ತಾನಾಗಿ ಕಾಣುತ್ತದೆ ಎನ್ನುವುದು ಅದರ ಸಾರ. ಬಾತುಕೋಳಿಗೆ ಹೇಳಿದರೇ ಹೊಳೆಯುವುದಾದರೆ, ಜಾಣ ಸ್ನೇಹಿತನಿಗೆ ಹೇಳಿದಾಗ ಹೊಳೆಯುವುದರಲ್ಲಿ ಸಿಗರೇಟಿನ ಪಾಲೇನು?

ನಡಿಗೆಯ ಬಗ್ಗೆಯೂ ಒಳ್ಳೆಯ ಆಧಾರವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೇರಿಲಿ ಒಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂತಿದ್ದಾಗಿನದಕ್ಕಿಂತ ನಡೆಯುವಾಗ ಜನರಿಗೆ ಹೊಸ ಯೋಚನೆಗಳು ಸರಾಸರಿ ಶೇ. 60ರಷ್ಟು ಹೆಚ್ಚು ಹೊಳೆದವು. ಖಾಲಿ ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದವರಲ್ಲೂ ಈ ಹೆಚ್ಚಳ ಕಂಡಿತು. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ ತಮ್ಮ ದೊಡ್ಡ ಶೋಧವೊಂದು ಕುದುರೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಹೊಳೆಯಿತು ಎಂದು ಬರೆದಿದ್ದಾರೆ. ಅದಕ್ಕೆ ಮುಂಚೆ ವಾರಗಟ್ಟಲೆ ಮೇಜಿನ ಮುಂದೆ ಒದ್ದಾಡಿದ್ದರು. ಮೊದಲು ಒದ್ದಾಟ, ಆಮೇಲೆ ಎದ್ದು ಹೋಗುವುದು. ಎರಡೂ ಬೇಕು.

ಹಾಗಾದರೆ ನಿಕೋಟಿನ್ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಎಳೆದ ಹೊಗೆಯ ಜೊತೆ ಅದು ಶ್ವಾಸಕೋಶ ಸೇರಿ, ಅಲ್ಲಿಂದ ರಕ್ತದ ಮೂಲಕ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ತಲುಪುತ್ತದೆ. ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಮನಸ್ಸು ಹಗುರಾಗುತ್ತದೆ, ಗಮನ ಸ್ವಲ್ಪ ಹೊತ್ತು ಚುರುಕಾಗುತ್ತದೆ. ಆದರೆ ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಒಗ್ಗಿಹೋದ ಮೆದುಳು ಆಗ ಇನ್ನಷ್ಟು ಬೇಡುತ್ತದೆ. ಸಿಡಿಮಿಡಿ, ಚಡಪಡಿಕೆ, ಗಮನ ನಿಲ್ಲದಿರುವುದು ಶುರು. ಆಗ ಇನ್ನೊಂದು ಹಚ್ಚಿದರೆ ಸಮಾಧಾನ. ಈ ಸಮಾಧಾನವನ್ನೇ ಸೇದುವವನು ‘ಟೆನ್ಷನ್ ಕಡಿಮೆಯಾಯಿತು’ ಎಂದು ಓದಿಕೊಳ್ಳುತ್ತಾನೆ. ಬೆಳಿಗ್ಗೆ ತಾನೇ ಕೋಡಿಗೆ ಬಗ್ ಸೇರಿಸಿ, ಸಂಜೆ ಅದನ್ನು ತಾನೇ ಸರಿಪಡಿಸಿ, ‘ಭೇಷ್’ ಅನ್ನಿಸಿಕೊಳ್ಳುವ ಎಂಜಿನಿಯರ್‌ನಂತೆ ನಿಕೋಟಿನ್ ಕೆಲಸ ಮಾಡುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಆಂಡಿ ಪ್ಯಾರಟ್ 1999ರಲ್ಲೇ ಈ ಪ್ರಶ್ನೆ ಎತ್ತಿ, ಧೂಮಪಾನ ಒತ್ತಡ ಇಳಿಸುವ ಬದಲು ಏರಿಸುತ್ತದೆ ಎಂದು ವಾದಿಸಿದ್ದರು. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ವಿಶ್ಲೇಷಣೆಯೊಂದು 26 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಸಿಗರೇಟು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಬಿಡದವರಿಗಿಂತ ಇಳಿದಿದ್ದವು. ‘ಬಿಟ್ಟರೆ ಕೆಲಸ ಮಾಡೋಕಾಗಲ್ಲ’ ಎನ್ನುವ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ನಿಕೋಟಿನ್‌ನ ಬಲವನ್ನು ಮೈಯಲ್ಲೇ ಅರಿತವನೊಬ್ಬ ನಮ್ಮ ಗುಂಪಿನಲ್ಲಿದ್ದ, ಪಿರಿಯಾಪಟ್ಟಣದ ಕಡೆಯವನು. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದಲ್ಲಿ ವರ್ಜೀನಿಯಾ ತಂಬಾಕು ಎಷ್ಟೋ ಮನೆಗಳ ಒಲೆ ಉರಿಸುವ ಬೆಳೆ. ಅವನು ಮಾತ್ರ ಒಂದು ದಮ್ಮೂ ಎಳೆದವನಲ್ಲ. ಯಾಕೆ ಎಂದರೆ, ಚಿಕ್ಕಂದಿನಲ್ಲಿ ಇಬ್ಬನಿಗೆ ನೆನೆದ ಸೊಪ್ಪು ಮುರಿದು ಹೊತ್ತು ತಂದ ದಿನ ತಲೆ ಸುತ್ತಿ ವಾಂತಿ ಬರುತ್ತಿದ್ದುದನ್ನು ಹೇಳುತ್ತಿದ್ದ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಂಬಾಕು ಬೆಳೆವ ಬೇರೆ ದೇಶಗಳ ಕೂಲಿಕಾರರಲ್ಲೂ ಈ ಕಾಯಿಲೆ ಕಂಡುಬಂದಿದೆ.

ಈಗ ವೇಪ್, ಅಂದರೆ ನಿಕೋಟಿನ್ ದ್ರವವನ್ನು ಬಿಸಿಮಾಡಿ ಆವಿ ಎಳೆಯುವ ಇ-ಸಿಗರೇಟಿನ ಕಡೆಗೆ ಬರೋಣ. ಚೀನಾದ ಔಷಧ ತಜ್ಞ ಹಾನ್ ಲಿಕ್ 2003ರ ಹೊತ್ತಿಗೆ ರೂಪಿಸಿದ ಇ-ಸಿಗರೇಟು ಈಗಿನ ರೂಪಕ್ಕೆ ಬಂದದ್ದು ಸಿಲಿಕಾನ್ ವ್ಯಾಲಿಯ ಕೈಯಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ವಿನ್ಯಾಸ ಓದುತ್ತಿದ್ದ ಜೇಮ್ಸ್ ಮಾನ್ಸೀಸ್ ಮತ್ತು ಆಡಂ ಬೋವೆನ್ ಇಬ್ಬರೂ ಸೇದುವವರೇ. ಸಿಗರೇಟನ್ನು ಹೊಸದಾಗಿ ವಿನ್ಯಾಸ ಮಾಡುವುದನ್ನೇ 2005ರಲ್ಲಿ ತಮ್ಮ ಪ್ರಾಜೆಕ್ಟ್ ಆಗಿ ಒಪ್ಪಿಸಿದರು. ಅದರಿಂದ ಬೆಳೆದದ್ದೇ 2015ರಲ್ಲಿ ಮಾರುಕಟ್ಟೆಗೆ ಬಂದ ‘ಜೂಲ್’. ನೋಡಲು ಪೆನ್‌ಡ್ರೈವ್, ಯುಎಸ್‌ಬಿಯಲ್ಲೇ ಚಾರ್ಜು. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿ ಲವಣದ ರೂಪಕ್ಕೆ ತಂದದ್ದರಿಂದ ಗಂಟಲು ಕೆರೆಯದೆ ಹೆಚ್ಚು ನಿಕೋಟಿನ್ ಒಳಗೆ ಎಳೆಯಬಹುದಾಯಿತು. ಅಮೆರಿಕದ ಹೈಸ್ಕೂಲು ಮಕ್ಕಳು ಅದಕ್ಕೆ ಬಿದ್ದರು. ಜೂಲ್ ಕಂಪನಿಯ ತವರಾದ ಸ್ಯಾನ್ ಫ್ರಾನ್ಸಿಸ್ಕೊ ನಗರವೇ 2019ರಲ್ಲಿ ಇ-ಸಿಗರೇಟು ಮಾರಾಟ ನಿಲ್ಲಿಸುವ ನಿರ್ಣಯ ಮಾಡಿತು.

ಪ್ರೋಗ್ರಾಮರ್‌ಗಳಿಗೆ ಈ ವಸ್ತುವಿನ ಮೇಲೆ ವಿಶೇಷ ಮೋಹ. ಬ್ಯಾಟರಿ, ಕಾಯಿಲ್, ವೋಲ್ಟೇಜು, ಪುಟ್ಟ ಚಿಪ್ಪು ಎಲ್ಲ ಇದೆ, ಬಿಚ್ಚಿ ನೋಡುವ ಚಪಲ. 2025ರಲ್ಲಿ ಎಂಜಿನಿಯರ್ ಒಬ್ಬರು ಬಳಸಿ ಬಿಸಾಡಿದ ವೇಪ್‌ನೊಳಗಿನ ಚಿಪ್ಪಿನಲ್ಲೇ ಒಂದು ವೆಬ್‌ಸೈಟ್ ನಡೆಸಿ ತೋರಿಸಿದರು. ಅದರ ಶೇಖರಣಾ ಜಾಗ 24 ಕಿಲೋಬೈಟ್ ಮಾತ್ರ. ಕೌಶಲಕ್ಕೆ ಮೆಚ್ಚುಗೆ ಇದ್ದೇ ಇದೆ. ಆದರೆ ಸಣ್ಣ ಕಂಪ್ಯೂಟರ್ ಮತ್ತು ಮತ್ತೆ ಚಾರ್ಜ್ ಮಾಡಬಲ್ಲ ಲಿಥಿಯಂ ಬ್ಯಾಟರಿಯನ್ನು ಕೆಲವು ದಿನ ಸೇದಿ ಕಸಕ್ಕೆ ಎಸೆಯುವ ವಸ್ತುವಿನೊಳಗೆ ಇಡುತ್ತಿದ್ದೇವೆ ಎಂಬ ಸತ್ಯ ನನ್ನನ್ನು ಹೆಚ್ಚು ಕಾಡಿತು. ಬ್ರಿಟನ್ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಷೇಧಿಸಿದ್ದಕ್ಕೆ ಈ ಕಸವೂ ಒಂದು ಕಾರಣ.

ಪತ್ರ ಬರೆದ ತರುಣನಿಗೆ ನಾನು ಹೇಳಬೇಕಾದ ಮುಖ್ಯ ವಿಷಯ ಬೇರೆ ಇದೆ. ಸಿಗರೇಟಿಗೆ ಕೊನೆಯಿದೆ. ಉರಿದು ಮುಗಿಯುತ್ತದೆ, ಬೆರಳಿಗೆ ಬಿಸಿ ತಾಗುತ್ತದೆ, ಮನುಷ್ಯ ಒಳಗೆ ಹೋಗುತ್ತಾನೆ. ಇನ್ನೊಂದು ಬೇಕೆಂದರೆ ಮತ್ತೆ ಏಳಬೇಕು, ನಡೆಯಬೇಕು, ಕೊಳ್ಳಬೇಕು. ವೇಪ್‌ಗೆ ಆ ಕೊನೆ ಇಲ್ಲ. ಕ್ಯಾಮೆರಾ ಆಫ್ ಮಾಡಿದ ಮೀಟಿಂಗಿನಲ್ಲಿ, ಬಾತ್‌ರೂಮಿನಲ್ಲಿ, ಹಾಸಿಗೆಯ ಮೇಲೆ, ಬಿಲ್ಡ್ ಓಡುವಾಗ ಕುರ್ಚಿಯಲ್ಲೇ ಕೂತು ಒಂದೊಂದು ಎಳೆತ. ಎಷ್ಟಾಯಿತು ಎಂದು ಲೆಕ್ಕ ಸಿಗುವುದಿಲ್ಲ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಸುಮಾರು ಒಂದರಿಂದ ಒಂದೂವರೆ ಮಿಲಿಗ್ರಾಂ ನಿಕೋಟಿನ್. ‘ಶೇ. 5’ ಎಂದು ಬರೆದ ವೇಪ್ ದ್ರವದ ಒಂದೊಂದು ಮಿಲಿಲೀಟರ್‌ನಲ್ಲಿ ಸುಮಾರು 50 ಮಿಲಿಗ್ರಾಂ ಇರುತ್ತದೆ. ಯುರೋಪಿನಲ್ಲಿ ಕಾನೂನು ಒಪ್ಪುವ ಮಿತಿ 20. ಗೇಟಿನಾಚೆ ಹೋಗುವ ನೆಪದಲ್ಲಾದರೂ ಸಿಗುತ್ತಿದ್ದ ನಡಿಗೆ, ಬಿಸಿಲು, ಸ್ನೇಹಿತನ ಕಿವಿ ಮೂರನ್ನೂ ವೇಪ್ ಕಿತ್ತುಕೊಳ್ಳುತ್ತದೆ. ನಿಕೋಟಿನ್ ಮಾತ್ರ ಉಳಿಸುತ್ತದೆ.

ಸುರಕ್ಷಿತವೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಎರಡು ಮಾತು ಹೇಳಬೇಕು. ಸುಡುವ ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ, ಕನಿಷ್ಠ ಎಪ್ಪತ್ತರಷ್ಟು ಕ್ಯಾನ್ಸರ್ ತರುವಂಥವು. ವೇಪ್‌ನಲ್ಲಿ ಸುಡುವಿಕೆ ಇಲ್ಲದ್ದರಿಂದ ಅವುಗಳ ಪ್ರಮಾಣ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ವೈದ್ಯರು ಸಿಗರೇಟು ಬಿಡಿಸಲು ಇದನ್ನು ಒಂದು ಸಾಧನವಾಗಿ ಒಪ್ಪುತ್ತಾರೆ, ಅಲ್ಲಿ ದ್ರವಕ್ಕೂ ಸಾಧನಕ್ಕೂ ಸರ್ಕಾರಿ ನಿಯಮಗಳಿವೆ. ನಮ್ಮಲ್ಲಿ ಪರಿಸ್ಥಿತಿ ಹಾಗಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತಂದು ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಲ್ಲಿಸಿತು. ಮಾರಿದವರಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಬೆಂಗಳೂರಿನಲ್ಲಿ ಯಾರ ಕೈಗೆ ವೇಪ್ ಸಿಕ್ಕರೂ ಅದು ಕಳ್ಳದಾರಿಯ ಸರಕು. ಒಳಗೇನಿದೆ ಎಂದು ಯಾರೂ ಪರೀಕ್ಷಿಸಿಲ್ಲ. ಅಮೆರಿಕದಲ್ಲಿ 2019–20ರಲ್ಲಿ ವೇಪ್ ಸೇದಿದ 2,800ಕ್ಕೂ ಹೆಚ್ಚು ಜನ ಶ್ವಾಸಕೋಶದ ತೀವ್ರ ಹಾನಿಯಿಂದ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಬಹುಪಾಲು ಪ್ರಕರಣಗಳ ಜಾಡು ಹಿಡಿದಾಗ ಸಿಕ್ಕಿದ್ದು ಗಾಂಜಾದ ಅಂಶವಿರುವ ಅನಧಿಕೃತ ಕಾರ್ಟ್ರಿಜ್‌ಗಳು, ಅವುಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಮೂಲ ಗೊತ್ತಿಲ್ಲದ ಕೋಡನ್ನು ಗ್ರಾಹಕರು ಬಳಸುವ ಪ್ರೊಡಕ್ಷನ್ ಸರ್ವರ್‌ಗೆ ಹಾಕಲು ಒಪ್ಪದ ಹುಡುಗರು, ಮೂಲ ಗೊತ್ತಿಲ್ಲದ ದ್ರವವನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳಬಾರದು. ಸಿಗರೇಟು ಬಿಡಬೇಕೆಂದಿದ್ದರೆ ವೈದ್ಯರ ಸಲಹೆಯ ಮೇಲೆ ನಿಕೋಟಿನ್ ಗಮ್, ಪ್ಯಾಚ್, ಮಾತ್ರೆಗಳು ಕಾನೂನುಬದ್ಧವಾಗಿಯೇ ಸಿಗುತ್ತವೆ.

ಗೇಟಿನಾಚೆಯ ಗುಂಪಿನ ಬಗ್ಗೆ ನನಗೊಂದು ಬೇಸರ ಉಳಿದಿದೆ. ಅಲ್ಲಿ ಬಗ್ ಬಗೆಹರಿಯುವುದಷ್ಟೇ ಅಲ್ಲ, ಯಾವ ಪ್ರಾಜೆಕ್ಟ್ ಬರುತ್ತಿದೆ, ಯಾರಿಗೆ ಆನ್‌ಸೈಟ್, ಯಾರ ರೇಟಿಂಗ್ ಏನು ಎಂಬ ಸುದ್ದಿಯೂ ಹರಿದಾಡುತ್ತದೆ. ಮ್ಯಾನೇಜರ್ ಸೇದುವವನಾದರೆ ಅರ್ಧ ನಿರ್ಧಾರ ಅಲ್ಲೇ ಆಗಿಹೋಗುತ್ತದೆ. ಝೋಯಿ ಕಲನ್ ಮತ್ತು ರಿಕಾರ್ಡೊ ಪೆರೆಸ್-ಟ್ರುಲ್ಯಾ ಎಂಬ ಅರ್ಥಶಾಸ್ತ್ರಜ್ಞರು ಏಷ್ಯಾದ ದೊಡ್ಡ ಬ್ಯಾಂಕೊಂದರಲ್ಲಿ ಇದನ್ನು ಅಳೆದು ನೋಡಿದರು. ಸೇದುವ ಗಂಡಸಿಗೆ ಸೇದುವ ಮ್ಯಾನೇಜರ್ ಸಿಕ್ಕಾಗ, ಸೇದದ ಮ್ಯಾನೇಜರ್ ಸಿಕ್ಕವನಿಗಿಂತ ಬೇಗ ಬಡ್ತಿ ಸಿಕ್ಕಿತು. ಜೊತೆಗೆ ಕಳೆದ ಬಿಡುವಿನ ಹೊತ್ತೇ ಅದಕ್ಕೆ ದಾರಿ. ನಮ್ಮ ಟೀ ಅಂಗಡಿಯ ಮುಂದೆ ಹೆಣ್ಣುಮಕ್ಕಳು ನಿಂತರೆ ದಾರಿಹೋಕರು ತಿರುಗಿ ನೋಡುವ ಊರಿದು. ಅವರು ಆ ವರ್ತುಲದಿಂದ ಹೊರಗೇ ಉಳಿಯುತ್ತಾರೆ. ಇನ್ನು ಕಾಲೇಜಿನಿಂದ ಆಗಷ್ಟೇ ಬಂದ ಹುಡುಗ ಸೀನಿಯರ್‌ಗಳ ಮಾತಿಗೆ ಕಿವಿಯಾಗಬೇಕೆಂದು ಆ ಗುಂಪಿಗೆ ಬರುತ್ತಾನೆ, ಬರಿಗೈಯಲ್ಲಿ ನಿಲ್ಲಲು ಸಂಕೋಚಪಟ್ಟು ಒಂದು ಹಚ್ಚುತ್ತಾನೆ. ದಾವಣಗೆರೆಯ ಆ ಮಗ ಹೀಗೇ ಶುರು ಮಾಡಿರಬಹುದು. ಕರ್ನಾಟಕ ಈಗ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು ಒಂದು ಸಾವಿರ ರೂಪಾಯಿವರೆಗೆ ಹೆಚ್ಚಿಸಿದೆ. ಒಳ್ಳೆಯ ಹೆಜ್ಜೆಗಳೇ. ಆದರೆ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಹುಡುಗರಿಗೆ ಇಪ್ಪತ್ತೊಂದು ತುಂಬಿರುತ್ತದೆ. ಅಲ್ಲಿಂದಾಚೆಗಿನ ಜವಾಬ್ದಾರಿ ಕಚೇರಿಗಳದ್ದು.

ಟೋಕಿಯೊದ ‘ಪಿಯಾಲಾ’ ಎಂಬ ಕಂಪನಿಯ ಕಚೇರಿ ಇದ್ದದ್ದು 29ನೇ ಮಹಡಿಯಲ್ಲಿ. ಸೇದುವವರು ಕೆಳಗಿಳಿದು ಹತ್ತಿ ಬರಲು ಪ್ರತಿ ಸಲ ಕಾಲು ಗಂಟೆ. ಸೇದದವರು ದೂರಿದಾಗ ಕಂಪನಿ 2017ರಲ್ಲಿ ಅವರಿಗೆ ವರ್ಷಕ್ಕೆ ಆರು ದಿನ ಹೆಚ್ಚುವರಿ ರಜೆ ಕೊಟ್ಟಿತು. ದಂಡ ಹಾಕದೆ ಬಹುಮಾನ ಕೊಟ್ಟದ್ದು ನನಗೆ ಇಷ್ಟವಾಯಿತು. ಆದರೂ ನಮ್ಮ ಕಂಪನಿಗಳಿಗೆ ನಾನು ಕೇಳುವುದು ಬೇರೆ. ಎದ್ದು ಹೋಗಲು ಸಿಗರೇಟು ಎಂಬ ಪರವಾನಗಿ ಬೇಕಾಗಬಾರದು. ‘ಹತ್ತು ನಿಮಿಷ ಸುಮ್ಮನೆ ನಡೆದು ಬರ್ತೀನಿ’ ಎಂದು ಎದ್ದರೆ ಯಾರೂ ಹುಬ್ಬು ಏರಿಸಬಾರದು. ಆವರಣದೊಳಗೆ ಮರದ ನೆರಳಲ್ಲಿ ಒಂದು ಟೀ ಕಟ್ಟೆ ಇರಲಿ, ಅಲ್ಲಿ ಹೊಗೆ ಬೇಡ, ಮಾತು ಧಾರಾಳವಾಗಿರಲಿ. ಮುಖ್ಯ ನಿರ್ಧಾರಗಳು ಎಲ್ಲರೂ ಕೂತಿರುವ ಕೋಣೆಯಲ್ಲೇ ಆಗಲಿ. ಅದರ ಜೊತೆಗೆ ಮೂಲದ ಕಿರಿಕಿರಿಗೂ ಕೈ ಹಾಕಲಿ. ನಿಧಾನದ ಬಿಲ್ಡ್, ಒಮ್ಮೊಮ್ಮೆ ಕೈಕೊಡುವ ಟೆಸ್ಟ್, ವಾರವಾದರೂ ಸಿಗದ ಪರ್ಮಿಷನ್ ಇವೆಲ್ಲ ಸರಿಪಡಿಸಬಹುದಾದ ಎಂಜಿನಿಯರಿಂಗ್ ಕೆಲಸಗಳೇ. ಗ್ರಾಹಕರಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಅವು ಪಟ್ಟಿಯ ಕೊನೆಯಲ್ಲಿ ಉಳಿಯುತ್ತವೆ. ಅವುಗಳ ಬೆಲೆಯನ್ನು ನೌಕರರ ನರಗಳು ತೆರುತ್ತಿವೆ.

ಬಿಡಬೇಕೆಂದಿರುವವರಿಗೆ ಒಂದೆರಡು ಕೆಲಸದ ಮಾತು. ಮೊದಲ ವಾರ ಕಷ್ಟ, ಅದರಲ್ಲೂ ಎರಡನೆಯ, ಮೂರನೆಯ ದಿನ. ಮೂರು ನಾಲ್ಕು ವಾರದಲ್ಲಿ ಸಿಡಿಮಿಡಿ ಬಹುಪಾಲು ತಗ್ಗುತ್ತದೆ. ಆದ್ದರಿಂದ ರಿಲೀಸ್ ಇರುವ ವಾರ ಶುರು ಮಾಡಬೇಡಿ, ರಾತ್ರಿ ಆನ್‌ಕಾಲ್ ಇರುವ ವಾರವಂತೂ ಬೇಡ. ಆಸೆಯ ಒಂದೊಂದು ಅಲೆ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿಗೆ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ: ಬಿಲ್ಡ್ ಓಡಿಸಿದ ಕೂಡಲೇ ಎದ್ದು ಒಂದು ಮಹಡಿ ಇಳಿದು ಹತ್ತಿ ಬನ್ನಿ. ಟೀ ಬಿಡಬೇಕಿಲ್ಲ, ಟೀ ಕುಡಿಯುವ ಜಾಗ ಬದಲಿಸಿ. ನಿಕೋಟಿನ್ ಗಮ್ಮನ್ನು ಬಬಲ್ ಗಮ್ಮಿನ ಹಾಗೆ ಒಂದೇ ಸಮನೆ ಅಗಿಯಬಾರದು. ಕೆಲವು ಸಲ ಅಗಿದು ಖಾರ ಹತ್ತಿದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಮನೆಯವರಿಗೆ ನನ್ನ ಕೋರಿಕೆ: ಬೈಯುವುದಕ್ಕೆ ಮುಂಚೆ ‘ಇವತ್ತು ಏನು ಕೆಟ್ಟು ಕೂತಿತ್ತು?’ ಎಂದು ಕೇಳಿ. ತಾಂತ್ರಿಕ ಮಾತು ಅರ್ಥವಾಗದಿದ್ದರೂ ಚಿಂತೆಯಿಲ್ಲ, ಬಾತುಕೋಳಿಗೂ ಅರ್ಥವಾಗುವುದಿಲ್ಲ. ಹೇಳಿಕೊಂಡವರಿಗೆ ಹಗುರಾಗುತ್ತದೆ.

ತಂಬಾಕು ಬಿಡಲು ಬಯಸುವವರಿಗಾಗಿ ರಾಷ್ಟ್ರೀಯ ಸಹಾಯವಾಣಿ ಇದೆ. ಸಂಖ್ಯೆ 1800-11-2356, ಕರೆಗೆ ದುಡ್ಡಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಆಪ್ತಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ.